ಕ್ಲೋರಿನ್‌ಗೆ 3.16 ಸರಿಯೋ, 2.83 ಸರಿಯೋ? ವಿದ್ಯುದೃಣತೆಯ ಮಾಪಕಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕು

ಪಿಯುಸಿ ಪುಸ್ತಕ ತೆರೆದರೆ ಕ್ಲೋರಿನ್‌ನ ವಿದ್ಯುದೃಣತೆ 3.0. ಲ್ಯಾಬಿನ ಗೋಡೆಗೆ ತೂಗುಹಾಕಿದ ಆವರ್ತ ಕೋಷ್ಟಕದಲ್ಲಿ ಅದೇ ಕ್ಲೋರಿನ್‌ಗೆ 3.16. ಬಿಎಸ್ಸಿಗೆ ಬಂದು ಅಜೈವಿಕ ರಸಾಯನಶಾಸ್ತ್ರದ ದಪ್ಪ ಪುಸ್ತಕ ಬಿಡಿಸಿದರೆ ಇನ್ನೊಂದು ಕಾಲಮ್ಮಿನಲ್ಲಿ 2.83. "ಇದರಲ್ಲಿ ತಪ್ಪು ಯಾವುದು?" ಎಂದು ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ಯಾವುದೂ ತಪ್ಪಲ್ಲ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಉತ್ತರ ತಪ್ಪಬಹುದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳುವ ಮಕ್ಕಳಿಗೆ ಈ ಗೊಂದಲ ಇನ್ನೂ ಹೆಚ್ಚು ಕಾಡುತ್ತದೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲಿಷಿನವರು ಎಲೆಕ್ಟ್ರೊನೆಗೆಟಿವಿಟಿ ಎನ್ನುವುದೇ ನಮ್ಮ ವಿದ್ಯುದೃಣತೆ. ಬಂಧದಲ್ಲಿರುವ ಒಂದು ಪರಮಾಣು, ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಷ್ಟು ಎಳೆದುಕೊಳ್ಳಬಲ್ಲದು ಎಂಬುದರ ಅಂದಾಜು ಅದು. ಈ ವ್ಯಾಖ್ಯೆಯಲ್ಲಿ "ಬಂಧದಲ್ಲಿರುವ" ಎಂಬ ಮಾತಿನ ಮೇಲೆ ಬೆರಳಿಟ್ಟು ನಿಲ್ಲಿ. ಪರಮಾಣುವಿನ ರಾಶಿಯನ್ನು ಅಳೆಯಲು ಯಂತ್ರವಿದೆ, ಅದರಿಂದ ಎಲೆಕ್ಟ್ರಾನ್ ಕಿತ್ತುಹಾಕಲು ಬೇಕಾದ ಶಕ್ತಿಯನ್ನು ಅಳೆಯಲೂ ಯಂತ್ರವಿದೆ. ವಿದ್ಯುದೃಣತೆಯನ್ನು ನೇರವಾಗಿ ಓದಿ ಹೇಳುವ ಯಂತ್ರ ಮಾತ್ರ ಇಲ್ಲ. ಅಳೆಯಲು ಸಿಗುವ ಬೇರೇನನ್ನೋ ಅಳೆದು, ಅದರಿಂದ ಲೆಕ್ಕ ಕಟ್ಟಬೇಕು. ಏನನ್ನು ಅಳೆದಿರಿ ಎಂಬುದರ ಮೇಲೆ ಮಾಪಕ ಬದಲಾಗುತ್ತದೆ.

ಹಿಂದೆ ನಮ್ಮಲ್ಲಿ "ಐದು ಕೊಳಗದ ಗದ್ದೆ", "ಖಂಡುಗದ ಗದ್ದೆ" ಎನ್ನುತ್ತಿದ್ದರು. ಎಷ್ಟು ಬೀಜ ಹಿಡಿಯುತ್ತದೆ ಎಂಬುದೇ ನೆಲದ ಅಳತೆ. ಆಮೇಲೆ ಸರ್ವೆಯವರು ಬಂದು ಅದೇ ಗದ್ದೆಯನ್ನು ಎಕರೆ, ಗುಂಟೆಯಲ್ಲಿ ಬರೆದರು. ಬಿತ್ತಲು ಹೊರಟವನಿಗೆ ಕೊಳಗದ ಲೆಕ್ಕ ಬೇಕು, ಕ್ರಯಪತ್ರ ಬರೆಯುವವನಿಗೆ ಗುಂಟೆಯ ಲೆಕ್ಕ ಬೇಕು. ವಿದ್ಯುದೃಣತೆಯ ಮಾಪಕಗಳಿಗೂ ಇಂಥದೇ ಸಂಬಂಧ.

ಪಾಲಿಂಗ್ ಮಾಪಕ: ಬಂಧವನ್ನೇ ಕೇಳಿ

ಪದ ಹಳೆಯದು. 1811ರಲ್ಲೇ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು ಬಳಕೆಗೆ ತಂದಿದ್ದರು. ಅದಕ್ಕೆ ಅಂಕಿಗಳನ್ನು ಕೊಟ್ಟವರು ಲೈನಸ್ ಪಾಲಿಂಗ್, 1932ರಲ್ಲಿ. ಅವರ ಯೋಚನೆ ಸರಳವಾಗಿದೆ, ಸುಂದರವಾಗಿಯೂ ಇದೆ. ಎರಡು ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಸಮನಾಗಿ ಹಂಚಿಕೊಂಡಿದ್ದರೆ, ಅವುಗಳ ನಡುವಿನ ಬಂಧದ ಶಕ್ತಿ ಹೆಚ್ಚುಕಡಿಮೆ ಇಬ್ಬರ ಸ್ವಂತ ಬಂಧಗಳ ಸರಾಸರಿಯಷ್ಟೇ ಇರಬೇಕು. ಸರಾಸರಿಗಿಂತ ಹೆಚ್ಚಿದ್ದರೆ, ಆ ಹೆಚ್ಚುವರಿ ಬಂದಿದ್ದು ಅಸಮ ಹಂಚಿಕೆಯಿಂದ.

ಕ್ಯಾಲ್ಕುಲೇಟರ್ ತೆಗೆದುಕೊಂಡು ನೀವೇ ಮಾಡಿ ನೋಡಿ. ಹೈಡ್ರೋಜನ್-ಹೈಡ್ರೋಜನ್ ಬಂಧ ಮುರಿಯಲು ಮೋಲ್‌ಗೆ 436 ಕಿಲೋಜೂಲ್, ಕ್ಲೋರಿನ್-ಕ್ಲೋರಿನ್ ಬಂಧಕ್ಕೆ 242. ಸರಾಸರಿ 339. ಆದರೆ ಹೈಡ್ರೋಜನ್ ಕ್ಲೋರೈಡಿನ ಬಂಧ ಮುರಿಯಲು ಬೇಕಾಗುವುದು 431. ಹೆಚ್ಚುವರಿ 92 ಕಿಲೋಜೂಲ್, ಅಂದರೆ ಒಂದು ಬಂಧಕ್ಕೆ ಸುಮಾರು 0.95 ಎಲೆಕ್ಟ್ರಾನ್ ವೋಲ್ಟ್. ಅದರ ವರ್ಗಮೂಲ 0.98, ಪಾಲಿಂಗ್ ಲೆಕ್ಕದಲ್ಲಿ ಅದೇ ಎರಡರ ವಿದ್ಯುದೃಣತೆಯ ವ್ಯತ್ಯಾಸ. ಹೈಡ್ರೋಜನ್‌ಗೆ 2.20 ಎಂದು ಗೊತ್ತುಮಾಡಿಕೊಂಡರೆ ಕ್ಲೋರಿನ್‌ಗೆ 3.18 ಬಂತು. ಗೋಡೆಯ ಕೋಷ್ಟಕದ 3.16ಕ್ಕೆ ಎಷ್ಟು ಹತ್ತಿರ! ನನ್ನ ಪ್ರಕಾರ ಈ ಲೆಕ್ಕವನ್ನು ಒಮ್ಮೆಯಾದರೂ ಕೈಯಾರೆ ಮಾಡದೆ ವಿದ್ಯುದೃಣತೆಯ ಪಾಠ ಮುಗಿಸಬಾರದು. ಅಂಕಿ ಆಕಾಶದಿಂದ ಇಳಿದದ್ದಲ್ಲ ಎಂದು ಕಾಣುವುದು ಆಗಲೇ.

ಲೆಕ್ಕ ಸಿಕ್ಕುವುದು ವ್ಯತ್ಯಾಸಕ್ಕೆ ಮಾತ್ರ ಎಂಬುದನ್ನೂ ಗಮನಿಸಿ. ಎಲ್ಲೋ ಒಂದು ಕಡೆ ಗೂಟ ಹೊಡೆಯಬೇಕು. ಆ ಗೂಟವನ್ನು ಹೈಡ್ರೋಜನ್‌ನಲ್ಲಿ ಮೊದಲು 2.1ಕ್ಕೆ ಹೊಡೆದಿದ್ದರು, ಈಗ ಅದು 2.20. ಫ್ಲೋರಿನ್‌ನ ಪ್ರಸಿದ್ಧ 4.0 ಕೂಡ 1961ರ ಪರಿಷ್ಕರಣೆಯಲ್ಲಿ 3.98 ಆಯಿತು. ಪಠ್ಯಪುಸ್ತಕದ 3.0ಕ್ಕೂ ಗೋಡೆಯ 3.16ಕ್ಕೂ ಇರುವ ಅಂತರದ ಕಥೆ ಇದೇ: ಒಂದು ಹಳೆಯ ದುಂಡು ಅಂಕಿ, ಇನ್ನೊಂದು ಪರಿಷ್ಕರಿಸಿದ್ದು. ಮಾಪಕ ಮಾತ್ರ ಒಂದೇ.

ಇದರ ಕೊರತೆಗಳೂ ಇದರ ಹುಟ್ಟಿನಲ್ಲೇ ಇವೆ. ಬಂಧವೇ ಮಾಡದ ಹೀಲಿಯಂ, ನಿಯಾನ್‌ಗಳಿಗೆ ಅಂಕಿಯೇ ಇಲ್ಲ. ಕ್ಷಾರ ಲೋಹಗಳ ಹೈಡ್ರೈಡುಗಳಿಗೆ ಮಾಮೂಲಿ ಸರಾಸರಿ ಹಾಕಿದರೆ ಹೆಚ್ಚುವರಿ ಶಕ್ತಿ ಋಣವಾಗಿಬಿಡುತ್ತದೆ, ಹಾಗಾಗಿ ಗುಣೋತ್ತರ ಸರಾಸರಿಗೆ ಹೋಗಬೇಕಾಯಿತು. ಇನ್ನು ಒಂದೇ ಧಾತು ಬೇರೆ ಬೇರೆ ಉತ್ಕರ್ಷಣ ಸ್ಥಿತಿಯಲ್ಲಿ (ಬಂಧದ ಎಲೆಕ್ಟ್ರಾನ್‌ಗಳನ್ನು ಹೆಚ್ಚು ವಿದ್ಯುದೃಣ ಧಾತುವಿಗೇ ಕೊಟ್ಟು ಲೆಕ್ಕ ಹಾಕಿದಾಗ ಪರಮಾಣುವಿಗೆ ಬರುವ ಆವೇಶ) ಬೇರೆ ಬೇರೆ ಅಂಕಿ ಕೊಡುತ್ತದೆ. ಕೋಷ್ಟಕದಲ್ಲಿ ಸೀಸಕ್ಕೆ 2.33 ನೋಡಿ "ಸೀಸ ಹೈಡ್ರೋಜನ್‌ಗಿಂತ ವಿದ್ಯುದೃಣವೇ?" ಎಂದು ಬೆರಗಾಗಬೇಡಿ. ಅದು +4 ಸ್ಥಿತಿಯ ಸೀಸ. ನಾವು ಹೆಚ್ಚಾಗಿ ಕಾಣುವ +2 ಸೀಸಕ್ಕೆ ಅದು 1.87.

ಮಲ್ಲಿಕನ್: ಬಿಡಿ ಪರಮಾಣುವಿನ ಎರಡು ಗುಣ

ಎರಡು ವರ್ಷದ ನಂತರ, 1934ರಲ್ಲಿ, ರಾಬರ್ಟ್ ಮಲ್ಲಿಕನ್ ಬೇರೆ ದಾರಿ ಹಿಡಿದರು. ಒಂದು ಪರಮಾಣು ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡಲು ಎಷ್ಟು ಹಟ ಮಾಡುತ್ತದೆ? ಅದು ಅಯಾನೀಕರಣ ಶಕ್ತಿ. ಹೊಸ ಎಲೆಕ್ಟ್ರಾನ್ ಬಂದರೆ ಎಷ್ಟು ಶಕ್ತಿ ಹೊರಬೀಳುತ್ತದೆ? ಅದು ಎಲೆಕ್ಟ್ರಾನ್ ಬಾಂಧವ್ಯ. ಎರಡರ ಸರಾಸರಿಯೇ ವಿದ್ಯುದೃಣತೆ. ಫ್ಲೋರಿನ್‌ಗೆ 17.42 ಮತ್ತು 3.40, ಸರಾಸರಿ 10.41 ಎಲೆಕ್ಟ್ರಾನ್ ವೋಲ್ಟ್. ಸೋಡಿಯಂಗೆ 5.14 ಮತ್ತು 0.55, ಸರಾಸರಿ 2.84.

ಇಲ್ಲಿ ಘಟಕ ಇದೆ, ಭೌತಿಕ ಅರ್ಥ ಇದೆ, ಯಾರ ಜೊತೆ ಬಂಧವಾಗಿದೆ ಎಂದು ಕೇಳುವ ಅಗತ್ಯವೂ ಇಲ್ಲ. ಆದರೆ ಅಲ್ಲೇ ತೊಡಕು. ಬಿಡಿ ಪರಮಾಣುವಿನ ಅಂಕಿಗಳನ್ನೇ ನೇರ ಹಾಕಿದರೆ ಹೈಡ್ರೋಜನ್‌ಗೆ 7.18, ಕಾರ್ಬನ್‌ಗೆ 6.26 ಬರುತ್ತದೆ. ಅಂದರೆ ಮೀಥೇನಿನಲ್ಲಿ ಎಲೆಕ್ಟ್ರಾನ್‌ಗಳು ಹೈಡ್ರೋಜನ್ ಕಡೆಗೆ ವಾಲಬೇಕು! ಕ್ಲೋರಿನ್ (8.29) ಆಕ್ಸಿಜನ್ನಿಗಿಂತ (7.54) ಮೇಲೆ ಹೋಗಿ ಕೂರುತ್ತದೆ. ಬಂಧದೊಳಗಿನ ಕಾರ್ಬನ್ ಬಿಡಿ ಕಾರ್ಬನ್ನಿನಂತೆ ಇರುವುದಿಲ್ಲ, ಅದರ ಆರ್ಬಿಟಲ್‌ಗಳು ಬೆರೆತಿರುತ್ತವೆ. ಆ ಸ್ಥಿತಿಗೆ ತಿದ್ದುಪಡಿ ಮಾಡಿದ ಮೇಲೇ ಮಲ್ಲಿಕನ್ ಅಂಕಿಗಳು ರಸಾಯನಶಾಸ್ತ್ರಕ್ಕೆ ಒಗ್ಗುತ್ತವೆ.

ಹಾಗೆ ತಿದ್ದಿದಾಗ ಸಿಗುವ ಲಾಭ ದೊಡ್ಡದು: ಒಂದೇ ಕಾರ್ಬನ್ನಿಗೆ ಅದರ ಆರ್ಬಿಟಲ್ ಮಿಶ್ರಣಕ್ಕೆ ತಕ್ಕಂತೆ ಬೇರೆ ಬೇರೆ ವಿದ್ಯುದೃಣತೆ. ಅಸಿಟಲೀನಿನ ಕಾರ್ಬನ್ ಈಥೇನಿನ ಕಾರ್ಬನ್ನಿಗಿಂತ ಹೆಚ್ಚು ಎಳೆಯುತ್ತದೆ. ಆದ್ದರಿಂದಲೇ ಅಸಿಟಲೀನಿನ ಪಿಕೆಎ (ಆಮ್ಲಗುಣದ ಅಳತೆ, ಕಡಿಮೆಯಾದಷ್ಟೂ ಆಮ್ಲ ಪ್ರಬಲ) ಸುಮಾರು 25, ಈಥೇನಿನದು ಸುಮಾರು 50. ವೆಲ್ಡಿಂಗ್ ಶಾಪಿನಲ್ಲಿ ನೀರು ಹಾಕಿ ಗ್ಯಾಸ್ ಎಬ್ಬಿಸುವ ಕ್ಯಾಲ್ಸಿಯಂ ಕಾರ್ಬೈಡ್, ಅಸಿಟಲೀನಿನ ಎರಡೂ ಹೈಡ್ರೋಜನ್ ಕಳಚಿ ಉಳಿದ ಕಾರ್ಬನ್ ಜೋಡಿಯನ್ನು ಋಣ ಅಯಾನಾಗಿ ಹಿಡಿದಿಟ್ಟುಕೊಂಡ ವಸ್ತು. ಸಾವಯವ ರಸಾಯನದವರಿಗೆ, ಕಂಪ್ಯೂಟರಿನಲ್ಲಿ ಅಣುಗಳ ಲೆಕ್ಕ ಮಾಡುವವರಿಗೆ ಮಲ್ಲಿಕನ್ನೇ ಹತ್ತಿರ. 1978ರಲ್ಲಿ ರಾಬರ್ಟ್ ಪಾರ್ ಮತ್ತು ಸಂಗಡಿಗರು ವಿದ್ಯುದೃಣತೆಯನ್ನು ಎಲೆಕ್ಟ್ರಾನ್ ಸಾಂದ್ರತೆಯ ಸಿದ್ಧಾಂತಕ್ಕೆ ಜೋಡಿಸಿದಾಗಲೂ ಕೊನೆಗೆ ಸಿಕ್ಕ ಅಂದಾಜು ಮಲ್ಲಿಕನ್ನರ ಸೂತ್ರವೇ ಆಗಿತ್ತು.

ಆಲ್‌ರೆಡ್–ರೋಚೋ: ಅಂಚಿನಲ್ಲಿ ಸೆಳೆತ ಎಷ್ಟು

1958ರ ಈ ಮಾಪಕ ಕೂಲಂಬನ ನಿಯಮದ ಮೇಲೆ ನಿಂತಿದೆ. ಒಳಗಿನ ಎಲೆಕ್ಟ್ರಾನ್‌ಗಳು ಮರೆಮಾಡಿದ ಮೇಲೆ ಪರಮಾಣುವಿನ ಅಂಚಿಗೆ ತಲುಪುವ ಪರಿಣಾಮಕಾರಿ ನ್ಯೂಕ್ಲಿಯರ್ ಆವೇಶವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿ, 0.359ರಿಂದ ಗುಣಿಸಿ, 0.744 ಕೂಡಿಸಿದರೆ ಆಯಿತು. ಕೊನೆಯ ಎರಡು ಅಂಕಿಗಳು ಪಾಲಿಂಗ್ ಮಾಪಕದ ಪಕ್ಕಕ್ಕೆ ತಂದು ನಿಲ್ಲಿಸಲು ಮಾತ್ರ. ಫ್ಲೋರಿನ್‌ಗೆ ಆವೇಶ 4.85, ತ್ರಿಜ್ಯ 0.72 ಆಂಗ್‌ಸ್ಟ್ರಾಮ್. ಲೆಕ್ಕ ಮಾಡಿದರೆ 4.10.

ಇದರ ನಿಜವಾದ ಬೆಲೆ ಕಾಣುವುದು ಅಲ್ಯೂಮಿನಿಯಂನಿಂದ ಗ್ಯಾಲಿಯಂಗೆ ಇಳಿದಾಗ. ಗುಂಪಿನಲ್ಲಿ ಕೆಳಗಿಳಿದಂತೆ ವಿದ್ಯುದೃಣತೆ ಕಡಿಮೆಯಾಗುತ್ತದೆ ಎಂದು ನಾವು ಬಾಯಿಪಾಠ ಮಾಡಿಸಿರುತ್ತೇವೆ. ಆದರೆ ಅಲ್ಯೂಮಿನಿಯಂ 1.47, ಗ್ಯಾಲಿಯಂ 1.82. ಸಿಲಿಕಾನ್ 1.74, ಜರ್ಮೇನಿಯಂ 2.02. ನಡುವೆ ಬಂದ ಹತ್ತು ಡಿ-ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸನ್ನು ಸರಿಯಾಗಿ ಮರೆಮಾಡುವುದಿಲ್ಲ, ಅಂಚಿನ ಎಲೆಕ್ಟ್ರಾನಿಗೆ ಸೆಳೆತ ಹೆಚ್ಚು ತಾಗುತ್ತದೆ, ಪರಮಾಣು ಕುಗ್ಗುತ್ತದೆ. ಕಾರಣ ಸೂತ್ರದೊಳಗೇ ಕುಳಿತಿದೆ, ಹೊರಗಿಂದ ತಂದು ಅಂಟಿಸಬೇಕಿಲ್ಲ. ರೋಚೋ ಸಿಲಿಕೋನ್ ತಯಾರಿಕೆಗೆ ದಾರಿ ಮಾಡಿಕೊಟ್ಟ ರಸಾಯನಶಾಸ್ತ್ರಜ್ಞ. ಸಿಲಿಕಾನ್ ಮತ್ತು ಅದರ ನೆರೆಹೊರೆಯ ಧಾತುಗಳು ಅವರ ದಿನನಿತ್ಯದ ಸಂಗಾತಿಗಳಾಗಿದ್ದವು.

ಅಲೆನ್: ವೇಲೆನ್ಸ್ ಎಲೆಕ್ಟ್ರಾನ್‌ಗಳ ಸರಾಸರಿ ಶಕ್ತಿ

ಲೀಲ್ಯಾಂಡ್ ಅಲೆನ್ 1989ರಲ್ಲಿ ಮುಂದಿಟ್ಟ ಮಾಪಕಕ್ಕೆ ಬಂಧದ ಶಕ್ತಿಯೂ ಬೇಡ, ಎಲೆಕ್ಟ್ರಾನ್ ಬಾಂಧವ್ಯವೂ ಬೇಡ. ಹೊರಕವಚದ ಎಸ್ ಮತ್ತು ಪಿ ಎಲೆಕ್ಟ್ರಾನ್‌ಗಳನ್ನು ಪರಮಾಣು ಸರಾಸರಿ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು ರೋಹಿತ ಮಾಪನದಿಂದ ತೆಗೆದರೆ ಸಾಕು. ರೋಹಿತದ ಅಂಕಿಗಳು ಬಹಳ ನಿಖರ. ಬಂಧ ಮಾಡದ ನಿಯಾನ್‌ಗೂ ಅಂಕಿ ಸಿಗುತ್ತದೆ, ಅದೂ ಎಲ್ಲಕ್ಕಿಂತ ಹೆಚ್ಚು: 4.79. "ಅತ್ಯಂತ ವಿದ್ಯುದೃಣ ಧಾತು ಯಾವುದು?" ಎಂಬ ಪ್ರಶ್ನೆಗೆ ಫ್ಲೋರಿನ್ ಎಂಬ ಉತ್ತರ ಈ ಮಾಪಕದಲ್ಲಿ ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಫ್ಲೋರಿನ್ ಎಂದೇ ಬರೆಯಿರಿ, ಅಲ್ಲಿ ಕೇಳುತ್ತಿರುವುದು ಪಾಲಿಂಗ್ ಮಾಪಕದ ಮಾತು. ಸಂಕ್ರಮಣ ಲೋಹಗಳಲ್ಲಿ ಎಷ್ಟು ಡಿ-ಎಲೆಕ್ಟ್ರಾನ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ ಮಾತ್ರ ಅಲೆನ್ ಮಾಪಕ ತಡವರಿಸುತ್ತದೆ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಲ್ಲಿಕನ್ ಘಟಕವೇ ಬೇರೆ, ಹಾಗಾಗಿ ಇಲ್ಲಿ ಸೇರಿಸಿಲ್ಲ.

| ಧಾತು | ಪಾಲಿಂಗ್ | ಆಲ್‌ರೆಡ್–ರೋಚೋ | ಅಲೆನ್ |
|---|---|---|---|
| ಹೈಡ್ರೋಜನ್ | 2.20 | 2.20 | 2.30 |
| ಕಾರ್ಬನ್ | 2.55 | 2.50 | 2.54 |
| ನೈಟ್ರೋಜನ್ | 3.04 | 3.07 | 3.07 |
| ಆಕ್ಸಿಜನ್ | 3.44 | 3.50 | 3.61 |
| ಫ್ಲೋರಿನ್ | 3.98 | 4.10 | 4.19 |
| ಕ್ಲೋರಿನ್ | 3.16 | 2.83 | 2.87 |
| ಸೋಡಿಯಂ | 0.93 | 1.01 | 0.87 |
| ಸಿಲಿಕಾನ್ | 1.90 | 1.74 | 1.92 |

ಬಹುತೇಕ ಸಾಲುಗಳಲ್ಲಿ ಮೂವರೂ ಒಂದೇ ಮಾತು ಆಡುತ್ತಾರೆ. ಕ್ಲೋರಿನ್ ಸಾಲಿಗೆ ಬಂದಾಗ ಜಗಳ ಶುರು.

ನೈಟ್ರೋಜನ್ ಮತ್ತು ಕ್ಲೋರಿನ್ ನಡುವಿನ ವ್ಯಾಜ್ಯ

ಮಾಪಕದ ಆಯ್ಕೆ ನಿಜಕ್ಕೂ ಉತ್ತರವನ್ನೇ ಬದಲಿಸುವ ಒಂದು ಜಾಗ ತೋರಿಸು ಎಂದರೆ ನಾನು ಇದನ್ನು ತೋರಿಸುತ್ತೇನೆ. ನೈಟ್ರೋಜನ್ ಟ್ರೈಕ್ಲೋರೈಡಿನಲ್ಲಿ ಎಲೆಕ್ಟ್ರಾನ್‌ಗಳು ಯಾರ ಕಡೆ ವಾಲಿವೆ? ಪಾಲಿಂಗ್ ಪ್ರಕಾರ ಕ್ಲೋರಿನ್ (3.16) ನೈಟ್ರೋಜನ್ನಿಗಿಂತ (3.04) ತುಸು ಮೇಲೆ. ಆಲ್‌ರೆಡ್–ರೋಚೋ ಮತ್ತು ಅಲೆನ್ ಇಬ್ಬರೂ ನೈಟ್ರೋಜನ್ನೇ ಮೇಲೆ ಎನ್ನುತ್ತಾರೆ. ಪಿಯುಸಿ ಪುಸ್ತಕದ ದುಂಡು ಅಂಕಿಗಳಲ್ಲಿ ಎರಡೂ 3.0, ತೀರ್ಪೇ ಇಲ್ಲ.

ವಸ್ತುವನ್ನೇ ಕೇಳೋಣ. ಫಾಸ್ಫರಸ್ ಟ್ರೈಕ್ಲೋರೈಡಿಗೆ ನೀರು ತಾಗಿದರೆ ಫಾಸ್ಫರಸ್ ಆಮ್ಲವೂ ಹೈಡ್ರೋಜನ್ ಕ್ಲೋರೈಡೂ ಬರುತ್ತವೆ. ಕ್ಲೋರಿನ್ ಋಣಭಾಗವಾಗಿ ಹೈಡ್ರೋಜನ್ನಿನ ಕೈ ಹಿಡಿಯುತ್ತದೆ. ನೈಟ್ರೋಜನ್ ಟ್ರೈಕ್ಲೋರೈಡಿಗೆ ನೀರು ತಾಗಿದರೆ ಬರುವುದು ಅಮೋನಿಯಾ ಮತ್ತು ಹೈಪೋಕ್ಲೋರಸ್ ಆಮ್ಲ. ಇಲ್ಲಿ ಹೈಡ್ರೋಜನ್ನಿನ ಕೈ ಹಿಡಿದದ್ದು ನೈಟ್ರೋಜನ್, ಕ್ಲೋರಿನ್ ಹೋಗಿ ಆಕ್ಸಿಜನ್ನಿನ ಪಕ್ಕ ನಿಂತಿದೆ. ಕ್ರಿಯೆಯ ಫಲ ಒಂದನ್ನೇ ಹಿಡಿದು ತೀರ್ಪು ಬರೆಯುವುದು ಅವಸರವಾದೀತು, ಕ್ರಿಯೆಯ ಹಾದಿಯೂ ಫಲವನ್ನು ನಿರ್ಧರಿಸುತ್ತದೆ. ಆದರೂ ನೈಟ್ರೋಜನ್ ಋಣ, ಕ್ಲೋರಿನ್ ಧನ ಎಂಬ ಚಿತ್ರಕ್ಕೆ ಈ ಸಾಕ್ಷಿ ಚೆನ್ನಾಗಿ ಹೊಂದುತ್ತದೆ.

(ಈ ವಸ್ತುವನ್ನು ಯಾರೂ ಮಾಡಲು ಹೋಗಬೇಡಿ. 1811ರಲ್ಲಿ ಮೊದಲು ತಯಾರಿಸಿದ ಪಿಯರ್ ದ್ಯೂಲಾಂಗ್ ಸ್ಫೋಟದಲ್ಲಿ ಒಂದು ಕಣ್ಣು ಮತ್ತು ಬೆರಳುಗಳನ್ನು ಕಳೆದುಕೊಂಡರು. ಈಜುಕೊಳದ ಹತ್ತಿರ ಮೂಗಿಗೆ ಹೊಡೆಯುವ ವಾಸನೆಯಲ್ಲಿ ಇದರ ಅಲ್ಪ ಪಾಲೂ ಇರುತ್ತದೆ. ನೀರಿನ ಕ್ಲೋರಿನ್ ಬೆವರು, ಮೂತ್ರಗಳ ನೈಟ್ರೋಜನ್ನಿನ ಜೊತೆ ಸೇರಿದಾಗ ಹುಟ್ಟುವಂಥದು.)

ಉತ್ಕರ್ಷಣ ಸಂಖ್ಯೆ ಹಾಕುವಾಗ ಇದು ನೇರ ತೊಂದರೆ ಕೊಡುತ್ತದೆ. ಪಾಲಿಂಗ್ ಹಿಡಿದರೆ ನೈಟ್ರೋಜನ್ +3, ಅಲೆನ್ ಹಿಡಿದರೆ −3. ಒಂದೇ ಅಣು, ಆರು ಅಂಕಿಯ ಅಂತರ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪ್ಯಾಕ್ 2016ರಲ್ಲಿ ಉತ್ಕರ್ಷಣ ಸ್ಥಿತಿಯ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ ಆಧಾರವಾಗಿ ಹಿಡಿದದ್ದು ಅಲೆನ್ ಮಾಪಕವನ್ನು. ಬಂಧದ ಶಕ್ತಿಯನ್ನು ಬಳಸಿ ಬಂಧದ ಬಗ್ಗೆಯೇ ತೀರ್ಪು ಕೊಡುವ ಸುತ್ತು ಅದರಲ್ಲಿಲ್ಲ. ನನಗೂ ಅದೇ ಸರಿ ಎನಿಸುತ್ತದೆ.

ಹಾಗಾದರೆ ನೀವು ಯಾವುದನ್ನು ಹಿಡಿಯಬೇಕು

ಸಿಇಟಿ, ನೀಟ್ ಬರೆಯುವವರು ಎರಡು ಯೋಚನೆ ಮಾಡದೆ ಪಾಲಿಂಗ್ ಹಿಡಿಯಿರಿ. ಬೇರೆ ಹೆಸರು ಹೇಳದೆ "ವಿದ್ಯುದೃಣತೆ" ಎಂದಷ್ಟೇ ಕೇಳಿದರೆ ಅದು ಪಾಲಿಂಗ್. ಬಂಧದ ಧ್ರುವೀಯತೆ, ಬಂಧಶಕ್ತಿಯ ಅಂದಾಜು ಇಂಥ ಪ್ರಶ್ನೆಗಳಿಗೂ ಅದೇ. ಯಾಕೆಂದರೆ ಅದು ಹುಟ್ಟಿದ್ದೇ ಬಂಧಶಕ್ತಿಯಿಂದ. ಗುಂಪು 13, 14ರ ವಿಚಿತ್ರ ಏರಿಳಿತಗಳಿಗೆ ಕಾರಣ ಬರೆಯಬೇಕಾದಾಗ ಆಲ್‌ರೆಡ್–ರೋಚೋ. ಉತ್ಕರ್ಷಣ ಸ್ಥಿತಿ ಸಂದೇಹದಲ್ಲಿದ್ದಾಗ, ಜಡ ಅನಿಲಗಳ ಮಾತು ಬಂದಾಗ ಅಲೆನ್. ಆರ್ಬಿಟಲ್ ಮಿಶ್ರಣ, ಕ್ವಾಂಟಮ್ ಲೆಕ್ಕ ಎಂದರೆ ಮಲ್ಲಿಕನ್. ಒಂದು ಲೆಕ್ಕ ಶುರು ಮಾಡಿದ ಮೇಲೆ ನಡುವೆ ಮಾಪಕ ಬದಲಿಸಬೇಡಿ. ಒಂದು ಧಾತುವಿಗೆ ಪಾಲಿಂಗ್ ಅಂಕಿ, ಇನ್ನೊಂದಕ್ಕೆ ಅಲೆನ್ ಅಂಕಿ ತೆಗೆದು ಕಳೆಯುವುದು ಸೇರಿನಿಂದ ಲೀಟರ್ ಕಳೆದಂತೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಎಲೆಕ್ಟ್ರಾನ್ ಬಾಂಧವ್ಯ ಬೇರೆ, ವಿದ್ಯುದೃಣತೆ ಬೇರೆ. ಬಾಂಧವ್ಯದಲ್ಲಿ ಕ್ಲೋರಿನ್ (349 ಕಿಲೋಜೂಲ್) ಫ್ಲೋರಿನ್ನನ್ನು (328) ಮೀರಿಸುತ್ತದೆ, ಪುಟ್ಟ ಫ್ಲೋರಿನ್‌ನಲ್ಲಿ ಹೊಸ ಎಲೆಕ್ಟ್ರಾನಿಗೆ ಇಕ್ಕಟ್ಟು. ನೈಟ್ರೋಜನ್‌ನ ಬಾಂಧವ್ಯ ಸೊನ್ನೆಯ ಆಸುಪಾಸು, ಆದರೆ ವಿದ್ಯುದೃಣತೆ 3.04. ಒಂಟಿ ಪರಮಾಣುವಿಗೆ ಎಲೆಕ್ಟ್ರಾನ್ ಬೇಕಿಲ್ಲದಿದ್ದರೂ ಬಂಧದೊಳಗೆ ಅದು ಬಲವಾಗಿ ಎಳೆಯಬಲ್ಲದು.

1.7 ಎಂಬ ಗೆರೆ, ಅಥವಾ ತ್ರಿಕೋನ?

ವ್ಯತ್ಯಾಸ 1.7 ದಾಟಿದರೆ ಅಯಾನಿಕ, ಒಳಗಿದ್ದರೆ ಸಹವೇಲೆನ್ಸೀಯ ಎಂಬ ಸೂತ್ರವನ್ನು ಮಕ್ಕಳ ತಲೆಗೆ ಹೊಡೆದು ಕೂರಿಸಿಬಿಡುತ್ತೇವೆ. ಪಾಲಿಂಗ್ ಕೊಟ್ಟ ಸಮೀಕರಣದಲ್ಲಿ 1.7ಕ್ಕೆ ಅಯಾನಿಕ ಗುಣ 51% ಬರುತ್ತದೆ, ಆ ಗೆರೆ ಬಂದದ್ದು ಅಲ್ಲಿಂದ. ಈಗ ಎರಡು ವಸ್ತುಗಳನ್ನು ನೋಡಿ. ಸಿಲಿಕಾನ್ ಟೆಟ್ರಾಫ್ಲೋರೈಡಿನಲ್ಲಿ ವ್ಯತ್ಯಾಸ 2.08, ಆದರೆ ಅದು ಕೊಠಡಿಯ ಉಷ್ಣತೆಯಲ್ಲಿ ಅನಿಲ, ಬಿಡಿ ಬಿಡಿ ಅಣುಗಳು. ಸೋಡಿಯಂ ಹೈಡ್ರೈಡಿನಲ್ಲಿ ವ್ಯತ್ಯಾಸ 1.27 ಮಾತ್ರ, ಆದರೆ ಅದು ಅಡುಗೆ ಉಪ್ಪಿನದೇ ರಚನೆಯ ಅಯಾನಿಕ ಹರಳು. ಗೆರೆ ಎರಡು ಕಡೆಯೂ ಸೋತಿತು.

ಡಚ್ ರಸಾಯನಶಾಸ್ತ್ರಜ್ಞರಾದ ವಾನ್ ಆರ್ಕೆಲ್ ಮತ್ತು ಕೆಟೆಲಾರ್ 1940ರ ದಶಕದಲ್ಲಿ ತೋರಿಸಿದ ತ್ರಿಕೋನ ಇಲ್ಲಿ ನೆರವಿಗೆ ಬರುತ್ತದೆ. ಅದರ ಇಂದಿನ ರೂಪದಲ್ಲಿ ವ್ಯತ್ಯಾಸದ ಜೊತೆ ಎರಡು ಧಾತುಗಳ ಸರಾಸರಿಯನ್ನೂ ಗುರುತಿಸುತ್ತಾರೆ. ಸೋಡಿಯಂ ಹೈಡ್ರೈಡಿನ ಸರಾಸರಿ 1.57, ಸಿಲಿಕಾನ್ ಟೆಟ್ರಾಫ್ಲೋರೈಡಿನದು 2.94. ಸರಾಸರಿ ಹೆಚ್ಚಾದಷ್ಟೂ ಸಹವೇಲೆನ್ಸೀಯ ಮೂಲೆಗೆ ಹತ್ತಿರ, ಕಡಿಮೆಯಾದಷ್ಟೂ ಲೋಹದ ಮೂಲೆಗೆ. ನನಗೆ ಇದರಲ್ಲಿ ಅತ್ಯಂತ ಇಷ್ಟವಾದ ಬಿಂದು ಸೀಸಿಯಂ ಮತ್ತು ಚಿನ್ನದ ಸಂಯುಕ್ತ. ಎರಡೂ ಥಳಥಳಿಸುವ ಲೋಹಗಳು. ಆದರೆ ಚಿನ್ನದ ವಿದ್ಯುದೃಣತೆ 2.54, ಸೀಸಿಯಂನದು 0.79. ಕೂಡಿದಾಗ ಚಿನ್ನ ಎಲೆಕ್ಟ್ರಾನ್ ಪಡೆದು ಋಣ ಅಯಾನಾಗುತ್ತದೆ, ಹುಟ್ಟುವ ವಸ್ತು ಲೋಹವೇ ಅಲ್ಲ, ಹಳದಿ ಅರೆವಾಹಕ. ಕೊರಳಲ್ಲಿ ಹೊಳೆಯುವ ಚಿನ್ನ ಅಲ್ಲಿ ಕ್ಲೋರೈಡಿನ ಸ್ಥಾನದಲ್ಲಿ ಕುಳಿತಿರುತ್ತದೆ.

ಯಾವ ಮಾಪಕವೂ ಸಾಲದ ಕಡೆ

ಅಂಕಿಗಳು ಬಂಧದ ಬಗ್ಗೆ ಹೇಳುತ್ತವೆ, ಅಣುವಿನ ಬಗ್ಗೆ ನೀವು ಯೋಚಿಸಬೇಕು. ಹೈಡ್ರೋಜನ್ ಫ್ಲೋರೈಡಿಗೆ ಪಾಲಿಂಗ್ ಸಮೀಕರಣ ಸುಮಾರು 55% ಅಯಾನಿಕ ಗುಣ ಎನ್ನುತ್ತದೆ, ದ್ವಿಧ್ರುವ (ಅಣುವಿನ ಧನ, ಋಣ ತುದಿಗಳು ಎಷ್ಟು ಬೇರ್ಪಟ್ಟಿವೆ ಎಂಬುದರ ಅಳತೆ) ಮಾಪನ 41% ಎನ್ನುತ್ತದೆ. ದ್ವಿಧ್ರುವದ ಘಟಕ ಡಿಬೈ. ಅಮೋನಿಯಾದ ದ್ವಿಧ್ರುವ 1.47 ಡಿಬೈ. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿರುವ ಬಂಧಗಳುಳ್ಳ ನೈಟ್ರೋಜನ್ ಟ್ರೈಫ್ಲೋರೈಡಿನದು ಬರೀ 0.23, ಏಕೆಂದರೆ ನೈಟ್ರೋಜನ್ನಿನ ಒಂಟಿ ಜೋಡಿ (ಬಂಧದಲ್ಲಿ ಪಾಲ್ಗೊಳ್ಳದ ಎಲೆಕ್ಟ್ರಾನ್ ಜೋಡಿ) ಎದುರು ದಿಕ್ಕಿಗೆ ಎಳೆಯುತ್ತದೆ.

ಕಾರ್ಬನ್ ಮಾನಾಕ್ಸೈಡ್ ಇನ್ನೂ ಮುಂದೆ ಹೋಗುತ್ತದೆ. ಮೂರೂ ಮಾಪಕಗಳಲ್ಲಿ ಆಕ್ಸಿಜನ್ ಕಾರ್ಬನ್ನಿಗಿಂತ ಬಹಳ ಮೇಲೆ. ಆದರೂ ಅಳೆದ ದ್ವಿಧ್ರುವ 0.11 ಡಿಬೈಯಷ್ಟು ಸಣ್ಣದು, ಅದರಲ್ಲೂ ಋಣ ತುದಿ ಕಾರ್ಬನ್ ಕಡೆ. ಬಂಧದ ಎಲೆಕ್ಟ್ರಾನ್‌ಗಳು ಆಕ್ಸಿಜನ್ ಕಡೆಗೇ ವಾಲಿರುತ್ತವೆ. ಆದರೆ ಕಾರ್ಬನ್ನಿನ ಹಿಂಬದಿಗೆ ಚಾಚಿಕೊಂಡ ಒಂಟಿ ಜೋಡಿ ಅದನ್ನೆಲ್ಲ ಸರಿದೂಗಿಸಿ ಮೇಲೆ ಒಂದಿಷ್ಟು ಉಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಹುಟ್ಟುವ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಅಂಟಿಕೊಳ್ಳುವುದು ಆಕ್ಸಿಜನ್ ತುದಿಯಿಂದಲ್ಲ, ಆ ಒಂಟಿ ಜೋಡಿ ಇರುವ ಕಾರ್ಬನ್ ತುದಿಯಿಂದ.